ಖಳನಿಗೆ ಕಣ್ಣೀರಿನ ಹಿನ್ನೆಲೆ ಬೇಕಿಲ್ಲ

'ಹಳೆಯ ಖಳನಟರು ಬರೀ ಅರಚಾಡುತ್ತಿದ್ದರು, ಈಗಿನ ಖಳಪಾತ್ರಗಳಿಗೆ ಆಳವಿದೆ.' ಕನ್ನಡ ಸಿನಿಮಾದ ಬಗ್ಗೆ ಮಾತಿಗೆ ಕೂತವರಲ್ಲಿ ಈ ಅಭಿಪ್ರಾಯವನ್ನು ಯಾರೂ ಈಗ ವಾದ ಮಾಡಿ ಸಾಧಿಸುವುದಿಲ್ಲ. ಪಂಚಾಂಗದ ತಿಥಿಯಂತೆ ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುತ್ತಾರೆ. ವಿಮರ್ಶೆ ಬರೆಯುವವರು, ಸಂದರ್ಶನ ಕೊಡುವ ನಿರ್ದೇಶಕರು, ಅಷ್ಟೇಕೆ, ಖಳನ ಪಾತ್ರ ಒಪ್ಪಿಕೊಂಡ ನಟರು ಕೂಡ ಇದೇ ಪಲ್ಲವಿ ಹಾಡುತ್ತಾರೆ: 'ಇದು ಮಾಮೂಲಿ ವಿಲನ್ ಅಲ್ಲ ಸರ್, ಅವನಿಗೂ ಒಂದು ಕಾರಣ ಇದೆ.' ಆ ಕಾರಣ ಏನೆಂದು ಚಿತ್ರ ನೋಡಿದ ಮೇಲೆ ಗೊತ್ತಾಗುತ್ತದೆ. ಎಳವೆಯಲ್ಲಿ ಅಪ್ಪ ಹೊಡೆದಿರುತ್ತಾನೆ, ಇಲ್ಲವೇ ಊರವರು ಅವಮಾನ ಮಾಡಿರುತ್ತಾರೆ, ಇಲ್ಲವೇ ತಾಯಿಯನ್ನು ಯಾರೋ ಕೊಂದಿರುತ್ತಾರೆ. ಅದಕ್ಕೊಂದು ಹಳದಿ ಬಣ್ಣದ ಫ್ಲ್ಯಾಶ್‌ಬ್ಯಾಕ್, ಹಿಂದೆ ಒಂದು ಪಿಟೀಲು. ಇಷ್ಟಾದರೆ ಪಾತ್ರ 'ಲೇಯರ್ಡ್' ಆಯಿತು. ಜೊತೆಗೆ ನಟ ಪಿಸುದನಿಯಲ್ಲಿ ಮಾತಾಡಿ, ನಾಲ್ಕು ಸಲ ಸುಮ್ಮನೆ ದಿಟ್ಟಿಸಿ ನೋಡಿದರೆ 'ಸಬ್ಟಲ್' ಕೂಡ ಆಗಿಬಿಡುತ್ತದೆ.

ನಾನು ವಜ್ರಮುನಿಯ ಅಭಿಮಾನಿ. ಆದ್ದರಿಂದ ಈ ಮಾತು ನನಗೆ ನುಂಗಲಾರದ ತುತ್ತು. ಆದರೆ ಅಭಿಮಾನಕ್ಕಷ್ಟೇ ಬರೆಯುತ್ತಿಲ್ಲ. ಇಲ್ಲಿ ಎರಡು ತಪ್ಪುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದನಿ ಏರಿದರೆ ಆಳ ಇರಲಾರದು ಎಂಬುದು ಒಂದು. ಕೇಡಿಗೆ ನೆಪ ಸಿಕ್ಕಿದರೆ ಆಳ ಬಂತು ಎಂಬುದು ಇನ್ನೊಂದು. ಎರಡೂ ಸುಳ್ಳು.

ಮೊದಲು ದನಿಯ ಮಾತು. ಸದಾನಂದ ಸಾಗರ್ ಎಂಬ ಬೆಂಗಳೂರಿನ ಹುಡುಗ ವಜ್ರಮುನಿಯಾಗಿ ಚಿತ್ರರಂಗಕ್ಕೆ ಬಂದದ್ದು ರಂಗಭೂಮಿಯ ಬಾಗಿಲಿನಿಂದ. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದಲ್ಲಿ ಅವರ ರಾವಣನನ್ನು ಕಂಡು ಮೆಚ್ಚಿದವರು ಶಾಸ್ತ್ರಿಗಳ ತಮ್ಮ ಪುಟ್ಟಣ್ಣ ಕಣಗಾಲ್. ಪುಟ್ಟಣ್ಣ ಅವರನ್ನು ಹಾಕಿಕೊಂಡು ಆರಂಭಿಸಿದ 'ಸಾವಿರ ಮೆಟ್ಟಿಲು' ಅರ್ಧಕ್ಕೇ ನಿಂತಿತು. ತೆರೆಯ ಮೇಲೆ ಅವರು ಮೊದಲು ಕಾಣಿಸಿಕೊಂಡದ್ದು 1969ರ 'ಮಲ್ಲಮ್ಮನ ಪವಾಡ'ದಲ್ಲಿ. ಅಂದರೆ ಈ ನಟನ ಮೊದಲ ಪಾಠವೇ ರಾವಣ. ರಾವಣನ ಪಾತ್ರವನ್ನು ಪಿಸುಗುಟ್ಟಿ ಮಾಡಲು ಬರುವುದಿಲ್ಲ. ಕೊನೆಯ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತ ಕೂತವನಿಗೂ ಮಾತು ಕೇಳಬೇಕು, ಮಾತಿನ ಒಳಗಿನ ಕುಹಕವೂ ತಲುಪಬೇಕು. ಗಟ್ಟಿಯಾಗಿ ಕುಹಕವಾಡುವುದು ಎಷ್ಟು ಕಷ್ಟ ಎನ್ನುವುದನ್ನು ಈಗಿನ 'ಸೈಲೆಂಟ್ ವಿಲನ್'ಗಳು ಒಮ್ಮೆ ಪ್ರಯತ್ನಿಸಿ ನೋಡಬಹುದು.

ಮಿಮಿಕ್ರಿಯವರು ವಜ್ರಮುನಿಯ 'ಎಲಾ ಕುನ್ನಿ'ಯನ್ನು ಹಿಡಿದುಕೊಂಡು ದಶಕಗಳಿಂದ ಬದುಕು ಸಾಗಿಸುತ್ತಿದ್ದಾರೆ. ಅವರು ಅನುಕರಿಸುವುದು ಎತ್ತರದ ದನಿಯನ್ನು ಮಾತ್ರ. ಮೂಲದಲ್ಲಿ ಆ 'ಎಲಾ' ಎಳೆದಾಗ ಅದರಲ್ಲಿ ಅಚ್ಚರಿ ಇದೆ, ತಿರಸ್ಕಾರ ಇದೆ, ಎದುರಾಳಿಯ ಧೈರ್ಯಕ್ಕೆ ಒಂದು ಬಗೆಯ ಮೆಚ್ಚುಗೆಯೂ ಇದೆ. ಅರ್ಧ ನಕ್ಕು ನಿಲ್ಲಿಸಿ, ಹುಬ್ಬು ಮೇಲೇರಿಸಿ, ಮಾತಿನ ಕೊನೆಯನ್ನು ಕೆಳಗಿಳಿಸಿ ಮುಗಿಸುವ ಆ ವರಸೆಯಲ್ಲಿ, ಇಷ್ಟು ಹೊತ್ತು ಕೂಗಿದ್ದು ಬೇರೆಯವರಿಗೆ ಕೇಳಲೆಂದು, ಈಗ ಆಡಿದ್ದು ತನಗಾಗಿ ಎಂಬ ಸೂಚನೆ ಇರುತ್ತದೆ. ಆರ್ಭಟ ಪಾತ್ರದ ಸಾರ್ವಜನಿಕ ಮುಖ. ಆ ಕೆಳದನಿ ಅದರ ಖಾಸಗಿ ಲೆಕ್ಕಾಚಾರ. ಎರಡನ್ನೂ ಒಂದೇ ವಾಕ್ಯದಲ್ಲಿ ಹಿಡಿದವನನ್ನು 'ಓವರ್ ಆಕ್ಟಿಂಗ್' ಎಂದು ತಳ್ಳಿಹಾಕುವವರು ವಾಕ್ಯದ ಮೊದಲರ್ಧವನ್ನಷ್ಟೇ ಕೇಳಿ ಎದ್ದುಹೋದವರು.

ಇದರಲ್ಲಿ ಇನ್ನೊಂದು ಇಬ್ಬಂದಿತನ ಇದೆ. 1958ರ 'ಭೂಕೈಲಾಸ'ದ ರಾವಣ, 1983ರ 'ಭಕ್ತ ಪ್ರಹ್ಲಾದ'ದ ಹಿರಣ್ಯಕಶಿಪು ಇವರನ್ನು ಡಾ. ರಾಜ್‌ಕುಮಾರ್ ಆಡಿದಾಗ ಅದು ಅಭಿನಯದ ಶಿಖರ. ನನ್ನದೂ ಅದೇ ಮಾತು, ಆ ಹಿರಣ್ಯಕಶಿಪುವಿಗೆ ಸಾಟಿ ಇಲ್ಲ. ಆದರೆ ಆ ಹಿರಣ್ಯಕಶಿಪು ಪಿಸುಗುಟ್ಟುತ್ತಾನೆಯೇ? ಕಂಬಗಳು ನಡುಗುವಂತೆ ಗರ್ಜಿಸುತ್ತಾನೆ. ರಾಜ್ ಗರ್ಜಿಸಿದರೆ ಕಲೆ, ಅದೇ ರಂಗಪರಂಪರೆಯಿಂದ ಬಂದ ವಜ್ರಮುನಿ ಗರ್ಜಿಸಿದರೆ ಅರಚಾಟ ಎಂದರೆ, ನಾವು ಅಳೆಯುತ್ತಿರುವುದು ನಟನೆಯನ್ನೋ ಪೋಸ್ಟರಿನಲ್ಲಿ ಹೆಸರಿನ ಗಾತ್ರವನ್ನೋ?

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ತೆಂಕುತಿಟ್ಟಿನ ಬಣ್ಣದ ವೇಷ ಮುಖದ ತುಂಬ ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಟ್ಟುಕೊಂಡು ತೆರೆಯ ಹಿಂದಿನಿಂದ ಅಬ್ಬರಿಸುತ್ತಲೇ ಬರುತ್ತದೆ. ಅದೇ ರಾವಣ ತಾಳಮದ್ದಳೆಗೆ ಬಂದರೆ ಬಣ್ಣವಿಲ್ಲ, ಕಿರೀಟವಿಲ್ಲ, ಪಂಚೆ ಉಟ್ಟ ಮನುಷ್ಯ. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನಾಗಿಯೋ ವಾಲಿಯಾಗಿಯೋ ಮಾಗಧನಾಗಿಯೋ ಅರ್ಥ ಹೇಳಲು ಕೂತರೆ ಎದುರು ಕೂತ ರಾಮನಿಗೋ ಕೃಷ್ಣನಿಗೋ ಉತ್ತರ ಹುಡುಕುವುದು ಕಷ್ಟವಾಗುತ್ತಿತ್ತು. ಅಬ್ಬರವೂ ತರ್ಕವೂ ಒಂದೇ ಪಾತ್ರದ ಎರಡು ಆಟಗಳು ಎಂದು ಆ ಪ್ರೇಕ್ಷಕರಿಗೆ ಗೊತ್ತಿತ್ತು. (ರಾಜ್‌ಕುಮಾರ್, ಶೇಣಿ, ವಜ್ರಮುನಿ ಮೂವರೂ ತೀರಿಕೊಂಡದ್ದು 2006ರಲ್ಲಿ. ಕನ್ನಡದ ರಾವಣರಿಗೆ ಅದು ಕೆಟ್ಟ ವರ್ಷ.)

ಇನ್ನು ಫ್ಲ್ಯಾಶ್‌ಬ್ಯಾಕ್. ಅಸಲು ಜಗಳ ಇಲ್ಲಿದೆ.

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ 'ಶೋಲೆ' 1975ರಲ್ಲಿ ಬಂತು. ಗಬ್ಬರ್ ಸಿಂಗ್‌ನಷ್ಟು ಜನರ ನಾಲಿಗೆಯ ಮೇಲೆ ಉಳಿದ ಖಳ ಭಾರತದ ಸಿನಿಮಾದಲ್ಲಿ ಇನ್ನೊಬ್ಬನಿಲ್ಲ. ಅವನೇಕೆ ಡಕಾಯಿತನಾದ? ಚಿತ್ರ ಹೇಳುವುದಿಲ್ಲ. ಅವನಿಗೆ ಮನೆ ಇತ್ತೇ, ಮಡದಿ ಇದ್ದಳೇ? ಗೊತ್ತಿಲ್ಲ. ತಲೆಗೆ ಕಟ್ಟಿದ ಬೆಲೆ ಐವತ್ತು ಸಾವಿರ ಎಂಬುದು ಗೊತ್ತು, ಅದನ್ನು ಅವನೇ ಹೆಮ್ಮೆಯಿಂದ ಹೇಳಿಸುತ್ತಾನೆ. ಚಿತ್ರದಲ್ಲಿ ದೊಡ್ಡದೊಂದು ಫ್ಲ್ಯಾಶ್‌ಬ್ಯಾಕ್ ಇದೆ, ಆದರೆ ಅದು ಕೈ ಕಳೆದುಕೊಂಡ ಠಾಕೂರನದ್ದು. ನೋವಿನ ಹಿನ್ನೆಲೆ ನೊಂದವನ ಪಾಲಿಗೆ, ನೋಯಿಸಿದವನ ಪಾಲಿಗೆ ಬರೀ ವರ್ತಮಾನ. ಅದನ್ನು ಬರೆದ ಸಲೀಂ–ಜಾವೇದ್ ಜೋಡಿಯೇ ಮರುವರ್ಷ ಕನ್ನಡದ 'ಪ್ರೇಮದ ಕಾಣಿಕೆ'ಗೂ ಕಥೆ ಬರೆದರು. ಅಲ್ಲಿ ಕೊಲೆ ಮಾಡುವವನು ನಾಯಕ ರಾಜ್‌ಕುಮಾರ್, ಸಾಯುವವನು ವಜ್ರಮುನಿ. ಹಾಗಾಗಿ ಹಿಂದಿನ ಕಥೆ ಬೇಕಾದದ್ದು ನಾಯಕನಿಗೆ, ಅವನು ಕೊಂದದ್ದನ್ನು ನಾವು ಒಪ್ಪಬೇಕಲ್ಲ! ಖಳನಿಗೆ ಹಾಗೆ ನಮ್ಮ ಒಪ್ಪಿಗೆ ಬೇಕಿಲ್ಲ. ಬೇಕು ಎಂದು ಕೈಚಾಚಿದ ಕ್ಷಣವೇ ಅವನು ಚಿಕ್ಕವನಾಗುತ್ತಾನೆ.

2019ರ 'ಜೋಕರ್' ಬಂದು, ಮರುವರ್ಷ ವಾಕೀನ್ ಫೀನಿಕ್ಸ್‌ಗೆ ಆಸ್ಕರ್ ಬಂದ ಮೇಲೆ ನಮ್ಮಲ್ಲಿ ಗಾಯಗೊಂಡ ಬಾಲ್ಯದ ಹುಚ್ಚು ಇನ್ನಷ್ಟು ಹೆಚ್ಚಿತು. ಆ ಚಿತ್ರದ ನಟನೆಗೆ ನನ್ನ ತಕರಾರಿಲ್ಲ. ಆದರೆ ಅದೇ ಪಾತ್ರವನ್ನು 2008ರ 'ದಿ ಡಾರ್ಕ್ ನೈಟ್'ನಲ್ಲಿ ಹೀತ್ ಲೆಡ್ಜರ್ ಮಾಡಿದ್ದನ್ನು ಇವರು ಮರೆತಂತಿದೆ. ಅವನು ತನ್ನ ಬಾಯಿಯ ಗಾಯದ ಕಥೆಯನ್ನು ಒಬ್ಬರಿಗೆ ಒಂದು ಥರ ಹೇಳುತ್ತಾನೆ, ಇನ್ನೊಬ್ಬರಿಗೆ ಇನ್ನೊಂದು ಥರ. ಒಮ್ಮೆ ಅಪ್ಪ, ಇನ್ನೊಮ್ಮೆ ಹೆಂಡತಿ. ಕರುಳು ಹಿಂಡುವ ಹಿನ್ನೆಲೆ ಬೇಕೆಂದು ಕಾದು ಕೂತ ನಮ್ಮನ್ನೇ ಅವನು ಗೇಲಿ ಮಾಡುತ್ತಿದ್ದಾನೆ. ಆ ಗೇಲಿಯೇ ಅವನ ಆಳ.

ಇದೆಲ್ಲ ಹೊರಗಿನ ಸರಕಾಯಿತು ಎನ್ನುವವರಿಗೆ ಮನೆಯ ಹತ್ತಿರದ್ದನ್ನೇ ತೋರಿಸೋಣ. ಕೇಡಿಗೆ ಘನತೆ ಕೊಡುವ ವಿದ್ಯೆಯಲ್ಲಿ ಕನ್ನಡಕ್ಕೆ ಸಾವಿರ ವರ್ಷದ ಅನುಭವವಿದೆ. ರನ್ನನ 'ಗದಾಯುದ್ಧ'ದ ದುರ್ಯೋಧನ ಹೆಣಗಳ ನಡುವೆ ನಡೆದು ಬರುತ್ತಾನೆ. ಭೀಷ್ಮ ಸಂಧಿ ಮಾಡಿಕೋ ಎನ್ನುತ್ತಾನೆ, ಇವನು ಒಲ್ಲೆ ಎನ್ನುತ್ತಾನೆ. ಅಲ್ಲಿ ಬಿದ್ದ ಅಭಿಮನ್ಯುವನ್ನು ಕಂಡು, ಹಗೆಯ ಮಗನೆಂಬುದನ್ನೂ ಬದಿಗಿಟ್ಟು, ಅಂಥ ಸಾವು ತನಗೂ ಬರಲಿ ಎಂದು ಕೈಮುಗಿಯುತ್ತಾನೆ. ಪಾಂಡವರಿಂದ ಬಾಲ್ಯದಲ್ಲಿ ತನಗೆ ಅನ್ಯಾಯವಾಯಿತೆಂದು ರನ್ನನ ದುರ್ಯೋಧನ ಗೋಳಾಡಿದ್ದರೆ ಅವನನ್ನು ಯಾರು ನೆನೆಯುತ್ತಿದ್ದರು? ಬಿ.ಎಂ.ಶ್ರೀ. ಅವನನ್ನು ಎತ್ತಿ 'ಗದಾಯುದ್ಧ ನಾಟಕಂ' ಮಾಡಿದ್ದು ಅವನ ಹಟಕ್ಕೆ ಮರುಳಾಗಿ.

ನಾಗಚಂದ್ರನದಂತೂ ಇನ್ನೂ ನಾಜೂಕಾದ ಕೆಲಸ. ಅವನ 'ರಾಮಚಂದ್ರಚರಿತ ಪುರಾಣ'ದ ರಾವಣನಿಗೆ ಹಿನ್ನೆಲೆ ಇದೆ, ಒಪ್ಪುತ್ತೇನೆ. ಏನು ಹಿನ್ನೆಲೆ? ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಎಂಬ ವ್ರತ ತೊಟ್ಟವನು ಅವನು, ಒಲಿದು ಬಂದ ಪರಸತಿಯನ್ನೂ ಹಿಂದೆ ತಿರುಗಿಸಿ ಕಳಿಸಿದವನು. ಅಂಥವನು ಸೀತೆಯನ್ನು ಕಂಡು ಜಾರಿದ. ಇಲ್ಲಿ ಹಿಂದಿನ ಕಥೆ ತಪ್ಪನ್ನು ಹಗುರ ಮಾಡುತ್ತಿಲ್ಲ, ಇನ್ನಷ್ಟು ಭಾರ ಮಾಡುತ್ತಿದೆ. ಕೊನೆಗೆ ಅವನ ಮನಸ್ಸು ತಿರುಗಿ ಸೀತೆಯನ್ನು ಒಪ್ಪಿಸಬೇಕು ಅನ್ನಿಸುತ್ತದೆ. ಆದರೆ ಸುಮ್ಮನೆ ಒಪ್ಪಿಸಿದರೆ ಅಂಜಿದ ಎಂದಾರು, ಮೊದಲು ರಾಮಲಕ್ಷ್ಮಣರನ್ನು ಗೆದ್ದು ಆಮೇಲೆ ಕೊಡುತ್ತೇನೆ ಎಂದು ಯುದ್ಧಕ್ಕೆ ಹೋಗುತ್ತಾನೆ. ಪಶ್ಚಾತ್ತಾಪದಲ್ಲೂ ಬಿಡದ ಆ ಬಿಂಕ! ಇದನ್ನು ಕೇಳಿದ ಮೇಲೆ ನಮ್ಮ ಈಗಿನ ಪಿಟೀಲಿನ ಫ್ಲ್ಯಾಶ್‌ಬ್ಯಾಕುಗಳನ್ನು 'ಆಳ' ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ವಜ್ರಮುನಿಯ ಸಾಹುಕಾರರಿಗೆ ರನ್ನನ ದುರ್ಯೋಧನನ ಸಾಲಿನಲ್ಲಿ ಮಣೆ ಹಾಕುತ್ತೀರಾ ಎಂದು ಕೇಳಬಹುದು. ಹಾಕುವುದಿಲ್ಲ. ಬರೆದವರು ರನ್ನರಲ್ಲ. ಆದರೆ ಆ ಸಾಹುಕಾರರು ಶೂನ್ಯದಿಂದ ಇಳಿದವರೂ ಅಲ್ಲ. 'ಸಂಪತ್ತಿಗೆ ಸವಾಲ್' ಬಂದದ್ದು 1974ರಲ್ಲಿ, ಪಿ.ಬಿ. ಧುತ್ತರಗಿಯವರ ಜನಪ್ರಿಯ ನಾಟಕದಿಂದ; ಅದರಲ್ಲಿ ವಜ್ರಮುನಿ ಸಾಹುಕಾರ್ ಸಿದ್ದಪ್ಪ. ಅದೇ ವರ್ಷ ಬಂದ 'ಭೂತಯ್ಯನ ಮಗ ಅಯ್ಯು'ವಿನಲ್ಲಿ ಎಂ.ಪಿ. ಶಂಕರ್ ಭೂತಯ್ಯನಾಗಿದ್ದರು, ಸತ್ತರೆ ಹೆಣ ಹೊರಲು ಊರವರು ಬಾರದಂಥ ಜಮೀನ್ದಾರ. ಅದೇ ವರ್ಷ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಎರಡು ವರ್ಷ ಕಳೆದು ಋಣ ಪರಿಹಾರ ಕಾಯ್ದೆ. ಉಳುವವನ ಕೈಗೆ ಹೊಲ ಬರುತ್ತದೋ ಇಲ್ಲವೋ, ಅಡವಿಟ್ಟ ಒಡವೆ ಹಿಂದೆ ಸಿಗುತ್ತದೋ ಇಲ್ಲವೋ ಎಂದು ಊರೂರಲ್ಲಿ ಜನ ಎದುರು ನೋಡುತ್ತಿದ್ದ ಕಾಲ. ಟೆಂಟಿನಲ್ಲಿ ನೆಲದ ಮೇಲೆ ಕೂತವನಿಗೆ ತೆರೆಯ ಮೇಲಿನ ಸಾಹುಕಾರ್ ಸಿದ್ದಪ್ಪನ ಹಿನ್ನೆಲೆಯನ್ನು ನಿರ್ದೇಶಕ ಹೇಳಬೇಕಿತ್ತೇ? ಹಿನ್ನೆಲೆ ಅವನ ಮನೆಯ ಟ್ರಂಕಿನಲ್ಲಿ ಪ್ರೋನೋಟಿನ ರೂಪದಲ್ಲೇ ಇತ್ತು. ವಜ್ರಮುನಿ ಮಾಡಬೇಕಾದದ್ದು ಒಂದೇ: ಆ ಗತ್ತನ್ನು ಗುರುತು ಸಿಗುವ ಹಾಗೆ ತೋರಿಸುವುದು. ಬಡವ ಎದುರು ನಿಂತು ಮಾತಾಡಿದಾಗ ಸಾಹುಕಾರನಿಗೆ ಬರುವುದು ಸಿಟ್ಟಿಗಿಂತ ಮೊದಲು ಅಚ್ಚರಿ, ಇವನಿಗೆ ಬಾಯಿ ಬಂತೇ ಎಂಬ ಅಚ್ಚರಿ. ಆ ಅಚ್ಚರಿಯನ್ನು ವಜ್ರಮುನಿಯಷ್ಟು ನಿಜವಾಗಿ ಮುಖದ ಮೇಲೆ ತಂದವರನ್ನು ನಾನು ಕಂಡಿಲ್ಲ. ತಾನು ತಪ್ಪು ಮಾಡುತ್ತಿದ್ದೇನೆ ಎಂಬ ಸಂಶಯ ಆ ಕಣ್ಣುಗಳಲ್ಲಿ ಎಳ್ಳಷ್ಟೂ ಇಲ್ಲ. ಲೋಕ ಇರಬೇಕಾದದ್ದೇ ಹೀಗೆ, ತಾನು ಮೇಲೆ, ಉಳಿದವರು ಕೆಳಗೆ. ಒಂದು ಇಡೀ ಸಮಾಜದ ಏಣಿಯನ್ನು ಒಂದು ಹುಬ್ಬಿನಲ್ಲಿ ತೋರಿಸುವುದು ಆಳವಲ್ಲದಿದ್ದರೆ ಆಳ ಎಂದರೇನು?

ಈಗಿನ ಬಹಳಷ್ಟು ಚಿತ್ರಗಳ ಖಳನಿಗೆ ಈ ನೆಲವೇ ಇಲ್ಲ. ಅವನ ಊರು ಯಾವುದು, ಆದಾಯ ಯಾವುದು, ಯಾರ ಭಯದ ಮೇಲೆ ಅವನ ಕುರ್ಚಿ ನಿಂತಿದೆ ಎಂಬುದು ಗೊತ್ತಾಗುವುದಿಲ್ಲ. ಕಪ್ಪು ಕಾರುಗಳ ಸಾಲು, ಗೋಡೌನು, ಹೊಗೆ. ಸಮಾಜದಲ್ಲಿ ಬೇರಿಲ್ಲದ ಮನುಷ್ಯನಿಗೆ ಎಲ್ಲಿಯಾದರೂ ಬೇರು ಇರಬೇಕಲ್ಲ, ಅದಕ್ಕೆ ಬಾಲ್ಯವನ್ನು ಅಗೆಯುತ್ತಾರೆ. ಫ್ಲ್ಯಾಶ್‌ಬ್ಯಾಕ್ ಬರುವುದು ಬರವಣಿಗೆ ಶ್ರೀಮಂತವಾದುದರಿಂದಲ್ಲ, ಬಡವಾದುದರಿಂದ.

ವಜ್ರಮುನಿ ಆಡಿದ ಪಾತ್ರಗಳಲ್ಲಿ ಕಳಪೆಯವು ರಾಶಿ ಇವೆ ಎಂಬುದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಹೆಣ್ಣಿನ ಸೆರಗೆಳೆಯುವ ಅದೇ ದೃಶ್ಯ, ಅದೇ ಬಾಟಲಿ, ಅದೇ ಅಟ್ಟಹಾಸ. ನಿರ್ದೇಶಕರು ನಟನನ್ನು ಕರೆಯದೆ ಮೊಹರನ್ನು ಕರೆದರು, ಒತ್ತಿದರು, ಕಳಿಸಿದರು. ಆ ದೃಶ್ಯಗಳನ್ನು ಇಂದು ಯಾರಾದರೂ ಅಸಹ್ಯ ಎಂದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಆ ಕಳಪೆಯ ಹೊಣೆ ಬರೆದವರದ್ದು. ಅದನ್ನು ನಟನ ದನಿಯ ತಲೆಗೆ ಕಟ್ಟಿ, ಅವನ ಪರಂಪರೆಯನ್ನೇ ಕೀಳು ಎನ್ನುವುದು ಅನ್ಯಾಯ. ಹಾಗೆ ನೋಡಿದರೆ ಅದೇ ಕಾಲದ ನಾಯಕರಿಗೂ ಅಷ್ಟೇ ಸವಕಲು ದೃಶ್ಯಗಳಿದ್ದವು. ಅವನ್ನು ನಾವು ಪ್ರೀತಿಯಿಂದ ಮರೆತಿದ್ದೇವೆ.

ಹಳೆಯದ್ದೇ ಚೆನ್ನ, ಹೊಸದೆಲ್ಲ ಸಪ್ಪೆ ಎಂಬುದು ನನ್ನ ವಾದ ಎಂದು ತಿಳಿಯಬೇಡಿ. 2018ರ 'ಟಗರು' ನೋಡಿ. ನಾಯಕನಾಗಿ ಹಲವು ಚಿತ್ರ ಮಾಡಿಯೂ ನಿಲ್ಲಲಾಗದಿದ್ದ ಧನಂಜಯ, ನಿರ್ದೇಶಕ ಸೂರಿಯವರ ಆ ಚಿತ್ರದಲ್ಲಿ ಡಾಲಿಯಾಗಿ ಬಂದ ಮೇಲೆ ಜನ ಅವರ ಹೆಸರನ್ನೇ ಬದಲಿಸಿದರು. ಅಲ್ಲಿ ನಾನು ಮೆಚ್ಚಿದ್ದು ಆ ಪಾತ್ರ ತನ್ನ ಕ್ರೌರ್ಯವನ್ನು ಸವಿಯುವ ಬಗೆ. ಕ್ಷಮೆಯ ಅರ್ಜಿ ಹಿಡಿದು ನಿಲ್ಲದ ಪಾತ್ರ ಅದು. 'ಕಾಂತಾರ'ದ ದೇವೇಂದ್ರ ಸುತ್ತೂರನಾಗಿ ಅಚ್ಯುತ್ ಕುಮಾರ್ ಬಹುಪಾಲು ಅರಚಬೇಕಾಗಲಿಲ್ಲ, ನಯವಾದ ಮಾತಿನ ಧಣಿ ಅವನು. ಕೆಳದನಿಯ ನಟನೆ ಎಂದು ವಿಮರ್ಶಕರು ಅವರನ್ನು ಮೆಚ್ಚಿದ್ದು ಸರಿಯೇ, ಆದರೆ ಮೆಚ್ಚಲು ಕೊಟ್ಟ ಕಾರಣ ತಪ್ಪು. ಅವನ ಬಲ ಇರುವುದು ದನಿ ತಗ್ಗಿದ್ದರಲ್ಲಲ್ಲ. ಕಾಲ ಬದಲಾಗಿದೆ, ಈಗಿನ ಧಣಿ ಗದರಿಸಿ ಭೂಮಿ ಕಿತ್ತುಕೊಳ್ಳಲಾರ, ನಗುತ್ತಲೇ ಕಿತ್ತುಕೊಳ್ಳಬೇಕು ಎಂಬುದನ್ನು ಆ ನಟ ಅರಿತದ್ದರಲ್ಲಿ. ಅಂದರೆ ಸಿದ್ದಪ್ಪ ಮತ್ತು ದೇವೇಂದ್ರ ಒಂದೇ ವಂಶದವರು. ಒಬ್ಬನ ಕಾಲಕ್ಕೆ ಆರ್ಭಟ ಆಯುಧ, ಇನ್ನೊಬ್ಬನ ಕಾಲಕ್ಕೆ ನಯ.

ಪ್ರಕಾಶ್ ರೈ ಅವರದ್ದು ಇನ್ನೊಂದು ಥರ. ಕನ್ನಡ ರಂಗಭೂಮಿಯಿಂದ ಹೊರಟು ತಮಿಳು ತೆಲುಗುಗಳಲ್ಲಿ ದೊಡ್ಡವರಾದ ಈ ನಟ, 2003ರ ತೆಲುಗಿನ 'ಒಕ್ಕಡು'ವಿನಲ್ಲಿ ಮಾಡಿದ ಪಾತ್ರವನ್ನೇ ಮರುವರ್ಷ ತಮಿಳಿನ 'ಗಿಲ್ಲಿ'ಯಲ್ಲಿ ಮುತ್ತುಪಾಂಡಿಯಾಗಿ ಮಾಡಿದರು. ಗಟ್ಟಿ ದನಿ, ಗೊಣಗಾಟ, ಪೆಟ್ಟು ತಿಂದ ಮಗುವಿನ ಮುನಿಸು ಎಲ್ಲ ಒಟ್ಟಿಗೆ. ಒಪ್ಪದ ಹುಡುಗಿಯನ್ನು ತನ್ನವಳು ಎಂದೇ ನಂಬಿದ ಗಂಡಸಿನ ಮೂರ್ಖತನ ಎಷ್ಟು ನಗೆ ತರಿಸುತ್ತದೋ ಅಷ್ಟೇ ಭಯವನ್ನೂ ತರಿಸುತ್ತದೆ. ಇಪ್ಪತ್ತು ವರ್ಷ ಕಳೆದು 'ಗಿಲ್ಲಿ' ಮತ್ತೆ ತೆರೆಕಂಡಾಗಲೂ ಜನ ಮುಗಿಬಿದ್ದರು. ಅಲ್ಲಿಯೂ ಬಾಲ್ಯದ ಗಾಯವಿಲ್ಲ. ಬೇಕು ಅನ್ನಿಸಿದ್ದು ಬೇಕು, ಅಷ್ಟೇ. ಅಷ್ಟರಲ್ಲೇ ಒಬ್ಬ ಪೂರ್ತಿ ಮನುಷ್ಯನಿದ್ದಾನೆ.

ಇನ್ನೂ ಒಂದು ಮಾತು ಇದೆ, ಅದು ಮೇಲಿನ ಎರಡಕ್ಕಿಂತ ಅಪಾಯದ್ದು: ಒಳ್ಳೆಯ ಖಳನಟನಿಗೆ ಬಡ್ತಿ ಕೊಟ್ಟು ನಾಯಕನನ್ನಾಗಿ ಮಾಡಬೇಕು ಎಂಬುದು. 'ಅಷ್ಟು ಚೆನ್ನಾಗಿ ಮಾಡ್ತಾನೆ, ಹೀರೋ ಆಗಬಹುದಿತ್ತು' ಎಂದು ಮರುಗುವವರಿಗೆ ಕನಿಕರವೇ ಹೊಗಳಿಕೆ. ಪ್ರಭಾಕರ್, ದೇವರಾಜ್ ಖಳಪಾತ್ರಗಳಿಂದ ನಾಯಕರಾದರು, ಗೆದ್ದರು, ಸಂತೋಷ. ಆದರೆ ಅದು ಮೆಟ್ಟಿಲೇರಿದಂತೆ ಎಂದು ಯಾರು ಹೇಳಿದರು? ನಾಯಕನಾಗುವವನು ಅರ್ಧ ಕೆಲಸವನ್ನು ಪ್ರೇಕ್ಷಕರ ಪ್ರೀತಿಗೆ ಬಿಟ್ಟು ನಡೆಯಬಹುದು. ಖಳನಿಗೆ ಆ ಸಾಲ ಸಿಗುವುದಿಲ್ಲ, ಪ್ರತಿ ದೃಶ್ಯದಲ್ಲೂ ರೊಕ್ಕ ಎಣಿಸಿಯೇ ಮುಂದೆ ಹೋಗಬೇಕು. ವಜ್ರಮುನಿ ಬಹುಪಾಲು ಆ ಕಡೆಯೇ ನಿಂತರು. ಶಾಪ ಹಾಕಿಸಿಕೊಳ್ಳುವುದು ಕೆಲಸ ಎಂದು ಗೊತ್ತಿದ್ದೂ, 'ನಾನೂ ಒಳ್ಳೆಯವನೇ' ಎಂದು ತೆರೆಯ ಮೇಲಿಂದ ಕಣ್ಣು ಮಿಟುಕಿಸಲಿಲ್ಲ. ಈಗಿನ ತಾರೆಗಳು ಖಳಪಾತ್ರ ಒಪ್ಪುವಾಗ ಮೊದಲು ಬರೆಸಿಕೊಳ್ಳುವುದೇ ಆ ಕಣ್ಣು ಮಿಟುಕನ್ನು. ಅಭಿಮಾನಿಗಳ ಮನಸ್ಸು ನೋಯಬಾರದಲ್ಲ! ಹಾಗಾಗಿ ಈ ಫ್ಲ್ಯಾಶ್‌ಬ್ಯಾಕುಗಳಲ್ಲಿ ಎಷ್ಟು ಪಾಲು ಪಾತ್ರದ ಅಗತ್ಯಕ್ಕೆ, ಎಷ್ಟು ಪಾಲು ಕಟೌಟಿನ ಮಾನ ಉಳಿಸಲಿಕ್ಕೆ ಎಂದು ಆಯಾ ಚಿತ್ರತಂಡಗಳೇ ಹೇಳಲಿ.

ನಾಳೆ ಯಾರಾದರೂ 'ಸಂಪತ್ತಿಗೆ ಸವಾಲ್' ಚಿತ್ರವನ್ನು ಮತ್ತೆ ಮಾಡುತ್ತಾರೆ ಎಂದುಕೊಳ್ಳಿ. ಕಥಾ ಚರ್ಚೆ ಹೇಗೆ ನಡೆದೀತು ಎಂದು ನನಗೆ ಈಗಲೇ ಕೇಳಿಸುತ್ತಿದೆ. ಸಿದ್ದಪ್ಪ ಸುಮ್ಮನೆ ಸಾಹುಕಾರ ಆಗಿದ್ದರೆ ಹೇಗೆ ಸರ್, ಅವನಿಗೆ ಒಂದು ಜರ್ನಿ ಬೇಕು ಎನ್ನುತ್ತಾರೆ. ಅವನ ಅಪ್ಪನೂ ಒಂದು ಕಾಲಕ್ಕೆ ಸಾಲ ಮಾಡಿದ್ದ ಎಂದು ಒಬ್ಬ ಸೇರಿಸುತ್ತಾನೆ. ಸಾಲಗಾರರು ಮನೆಯ ಮುಂದಿನ ಹಸುವನ್ನು ಬಿಚ್ಚಿಕೊಂಡು ಹೋದರು, ಹುಡುಗ ಅದರ ಹಿಂದೆ ಓಡಿದ ಎಂದು ಇನ್ನೊಬ್ಬ. ಅಲ್ಲಿಗೊಂದು ಹಾಡು. ಬಡ್ಡಿ ವಸೂಲಿ ಮಾಡುವಾಗಲೆಲ್ಲ ಸಿದ್ದಪ್ಪನ ಕಣ್ಣಲ್ಲಿ ಆ ಹಸು ಮಿಂಚಿ ಹೋಗಬೇಕು, ಅವನ ದನಿ ತಗ್ಗಬೇಕು, ತುಟಿ ನಡುಗಬೇಕು. ಮಧ್ಯಂತರದ ಹೊತ್ತಿಗೆ ಥಿಯೇಟರಿನಲ್ಲಿ ಅವನಿಗಾಗಿ ಮೂಗು ಸೀಟುವ ಸದ್ದು ಕೇಳಬೇಕು. ಇದೇ ದಾರಿಯಲ್ಲಿ ಇನ್ನೆರಡು ಡ್ರಾಫ್ಟ್ ಮುಂದೆ ಹೋದರೆ, ಹೊಲ ಕಳೆದುಕೊಂಡ ರೈತನೇ ಕ್ಲೈಮ್ಯಾಕ್ಸಿನಲ್ಲಿ ಬಂದು ಸಾಹುಕಾರ್ ಸಿದ್ದಪ್ಪನ ಕ್ಷಮೆ ಕೇಳಬೇಕಾಗುತ್ತದೆ.